ಷಿಕಾಗೋದ ಜಿಂಕೆಗಳೂ ಬಿಲ್ಲುಗಾರರೂ

ಷಿಕಾಗೋ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು 1886ರ ಮೇ ತಿಂಗಳು. ಎಂಟು ಗಂಟೆಯ ದುಡಿಮೆಗಾಗಿ ಬೀದಿಗಿಳಿದವರ ಊರು ಅದು. ಮೇ ಒಂದರಂದು ಗಿರಣಿ ಬಾಗಿಲಲ್ಲಿ ಬಾವುಟ ಏರಿಸುವಾಗ ಆ ಊರಿನ ಹೆಸರೆತ್ತದೆ ನಮ್ಮ ಭಾಷಣ ಮುಗಿಯುವುದಿಲ್ಲ. ಆ ಊರಿನ ಸುತ್ತ ಒಂದು ದೊಡ್ಡ ಕಾಡಿದೆ, ಆ ಕಾಡು ಯಾವ ಸಾಹುಕಾರನದೂ ಅಲ್ಲ, ಊರಿನ ಜನರದು ಎಂಬುದು ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಈಗ ಅಮೇರಿಕದಲ್ಲಿ ಇಂಥ ಊರಂಚಿನ ಕಾಡುಗಳ ಬಗ್ಗೆ ಒಂದು ಜಗಳ ನಡೆಯುತ್ತಿದೆ. ಬಿಲ್ಲು ಬಾಣ ಹಿಡಿದ ಬೇಟೆಗಾರರನ್ನು ಈ ಕಾಡಿನೊಳಗೆ ಬಿಡಬೇಕೇ ಬೇಡವೇ ಎಂಬುದು ಜಗಳದ ವಿಷಯ.

ಈ ಬಗ್ಗೆ ಬರೆಯುತ್ತೇನೆಂದು ಟೀ ಅಂಗಡಿಯಲ್ಲಿ ಹೇಳಿದಾಗ ನೂಲುವ ಖಾತೆಯ ನಮ್ಮ ಮಿತ್ರರೊಬ್ಬರು ನಕ್ಕುಬಿಟ್ಟರು. "ಮೇಷ್ಟ್ರೇ, ಬೋನಸ್ಸಿನ ಮಾತು ಬಿಟ್ಟು ಅಮೇರಿಕದ ಜಿಂಕೆ ಯಾಕ್ರೀ ನಮಗೆ?" ಅವರ ಪ್ರಶ್ನೆ ತಪ್ಪಲ್ಲ. ಆದರೆ ಸಾರ್ವಜನಿಕರ ಭೂಮಿ ಎಂದು ಬೋರ್ಡು ಹಾಕಿದ ಜಾಗವನ್ನು ನಿಜವಾಗಿ ಬಳಸುವವರು ಯಾರು, ಅಲ್ಲಿ ಏನು ನಡೆಯಬೇಕೆಂದು ತೀರ್ಮಾನಿಸುವವರು ಯಾರು, ಅಲ್ಲಿನ ಕೆಲಸ ಮಾಡುವವರಿಗೆ ಕೂಲಿ ಉಂಟೋ ಇಲ್ಲವೋ ಎಂಬ ಪ್ರಶ್ನೆಗಳು ಅಮೇರಿಕದವು ಮಾತ್ರವಲ್ಲ. ಕೊನೆಯ ತನಕ ಓದಿ ಆಮೇಲೆ ನಗಬಹುದು ಎಂದು ಅವರಿಗೆ ಹೇಳಿದ್ದೇನೆ.

ಮೊದಲು ಕಾಡಿನ ಸಮಾಚಾರ. ಷಿಕಾಗೋ ಇರುವುದು ಕುಕ್ ಎಂಬ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಐವತ್ತು ಲಕ್ಷ ಮೀರಿದ ಜನ. ಕಾರ್ಖಾನೆ ಹೊಗೆಯಲ್ಲಿ ಊರು ಉಸಿರು ಕಟ್ಟುತ್ತಿದ್ದಾಗ, 1904ರಲ್ಲಿ ಕೆಲವರು ಊರ ಹೊರಗಿನ ಕಾಡನ್ನು ಜನರಿಗಾಗಿ ಕೊಂಡು ಉಳಿಸಬೇಕೆಂದು ವರದಿ ಬರೆದರು. ಹತ್ತು ಹನ್ನೆರಡು ವರ್ಷದ ಹೋರಾಟದ ಮೇಲೆ ಕಾನೂನಾಯಿತು, 1916ರಲ್ಲಿ ಕೊಳ್ಳುವುದು ಮೊದಲಾಯಿತು. ಈಗ ಆ ಮೀಸಲು ಭೂಮಿ ಸುಮಾರು 70,000 ಎಕರೆ. ಗಿಡಮರ, ಪ್ರಾಣಿ, ಪ್ರಕೃತಿ ಸೌಂದರ್ಯಗಳನ್ನು ಸಹಜ ಸ್ಥಿತಿಯಲ್ಲಿ ಕಾಪಾಡಬೇಕು, ಜನರ ವಿದ್ಯೆಗೂ ಸಂತೋಷಕ್ಕೂ ವಿಹಾರಕ್ಕೂ ಅದು ಒದಗಬೇಕು ಎಂದು ಕಾನೂನು ಹೇಳುತ್ತದೆ. ಕೊಂಡದ್ದು ಊರಿನ ಜನರ ತೆರಿಗೆಯಿಂದ. ಕಸಾಯಿಖಾನೆಯಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರ ಕಾಸೂ ಅದರಲ್ಲಿದೆ.

ಇನ್ನು ಜಿಂಕೆ. ಬಿಳಿಬಾಲದ ಜಿಂಕೆ ಎಂದು ಅದಕ್ಕೆ ಹೆಸರು. ನಮ್ಮ ಚುಕ್ಕೆ ಜಿಂಕೆಯಂತಲ್ಲ, ಬಣ್ಣ ಬೂದು ಕಂದು. 1900ರ ಹೊತ್ತಿಗೆ ಇಡೀ ಅಮೇರಿಕದಲ್ಲಿ ಐದು ಲಕ್ಷವೂ ಉಳಿದಿರಲಿಲ್ಲ ಎಂದು ಅಂದಾಜು. ಚರ್ಮ ಮಾಂಸಗಳ ವ್ಯಾಪಾರಿಗಳು ಗಾಡಿಗಟ್ಟಲೆ ಹೊಡೆದು ಮಾರಿದ್ದರು. ಷಿಕಾಗೋ ಇರುವ ಇಲಿನಾಯ್ ಸಂಸ್ಥಾನದಲ್ಲಿ 1901ರಲ್ಲಿ ಜಿಂಕೆ ಬೇಟೆಯನ್ನೇ ಮುಚ್ಚಿದರು. ಮತ್ತೆ ತೆರೆದದ್ದು 1957ರಲ್ಲಿ. ಈಗ ದೇಶದಲ್ಲಿ ಸುಮಾರು ಮೂರು ಕೋಟಿ ಜಿಂಕೆಗಳಿವೆ. ಹೇಗೆ ಹೆಚ್ಚಿದವು? ಅವನ್ನು ತಿನ್ನುವ ತೋಳವನ್ನೂ ಬೆಟ್ಟದ ಸಿಂಹವನ್ನೂ ಆ ಭಾಗದಲ್ಲಿ ಮನುಷ್ಯ ಮೊದಲೇ ಮುಗಿಸಿದ್ದ. ಆಮೇಲೆ ಊರು ಕಾಡಿನೊಳಕ್ಕೆ ಚಾಚಿತು. ಹಣವಂತರು ದೊಡ್ಡ ದೊಡ್ಡ ಹಿತ್ತಿಲು ಮಾಡಿ ಹೂಗಿಡ, ಎಳೆ ಹುಲ್ಲು ಬೆಳೆಸಿದರು. ತಿನ್ನಲು ತೋಟ, ಅಡಗಲು ಮೀಸಲು ಕಾಡು, ಅಟ್ಟಲು ಯಾರೂ ಇಲ್ಲ. ಜಿಂಕೆಗೆ ಇದಕ್ಕಿಂತ ಒಳ್ಳೆಯ ಸಂಸಾರ ಎಲ್ಲಿ ಸಿಕ್ಕೀತು!

ಹೆಚ್ಚಿದರೆ ಹೆಚ್ಚಲಿ ಎನ್ನುವಂತಿಲ್ಲ. ಜಿಂಕೆ ನೆಲದ ಎಳೆ ಸಸಿಗಳನ್ನೇ ಮೇಯುತ್ತದೆ. ದೊಡ್ಡ ಓಕ್ ಮರ ನಿಂತಿರುತ್ತದೆ, ಅದರ ಕೆಳಗೆ ಅದರ ಮಕ್ಕಳಿರುವುದಿಲ್ಲ. ನೋಡಿದವರಿಗೆ ಕಾಡು ಹಸಿರಾಗಿಯೇ ಕಾಣುತ್ತದೆ. ಮುದುಕರು ಮಾತ್ರ ಉಳಿದ ಹಳ್ಳಿಯ ಹಾಗೆ. ನೆಲದ ಹೂಗಳು ಹೋಗುತ್ತವೆ, ಪೊದೆಯಲ್ಲಿ ಗೂಡು ಕಟ್ಟುವ ಹಕ್ಕಿಗಳು ಹೋಗುತ್ತವೆ. ರಸ್ತೆಯಲ್ಲಿ ಮೋಟಾರಿಗೆ ಜಿಂಕೆ ಬಡಿಯುವುದು ಇನ್ನೊಂದು. ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಇಂಥ ಅಪಘಾತಗಳೆಂದು ವಿಮಾ ಕಂಪನಿಗಳ ಅಂದಾಜು. ಉಣ್ಣೆ ಹುಳುವಿನಿಂದ ಹರಡುವ ಲೈಮ್ ಎಂಬ ಜ್ವರಕ್ಕೆ ವರ್ಷಕ್ಕೆ ಸುಮಾರು 4,76,000 ಜನ ಚಿಕಿತ್ಸೆ ಪಡೆಯುತ್ತಾರೆ ಎನ್ನುತ್ತದೆ ಅಲ್ಲಿನ ಆರೋಗ್ಯ ಇಲಾಖೆ. ಈ ಪಾಪವನ್ನೆಲ್ಲ ಜಿಂಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ರೋಗದ ಬೀಜ ಇರುವುದು ಮುಖ್ಯವಾಗಿ ಕಾಡಿಲಿಯಲ್ಲಿ. ಜಿಂಕೆ ಮಾಡುವುದು ಬೆಳೆದ ಉಣ್ಣೆಗೆ ಊಟ ಹಾಕುವ ಕೆಲಸ.

ಕೊಲ್ಲಲೇಬಾರದು ಎನ್ನುವ ದಯಾವಂತರು ಅಲ್ಲಿಯೂ ಇದ್ದಾರೆ. ಹೆಣ್ಣು ಜಿಂಕೆಗೆ ಬಸಿರಾಗದಂತೆ ಚುಚ್ಚುಮದ್ದು ಕೊಡಿ ಎನ್ನುತ್ತಾರೆ. ನ್ಯೂಯಾರ್ಕಿನ ಸ್ಟಾಟನ್ ದ್ವೀಪದಲ್ಲಿ 2016ರಿಂದ ಗಂಡು ಜಿಂಕೆಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿದರು. ಸುತ್ತ ನೀರಿರುವ ದ್ವೀಪಕ್ಕೆ ಅದು ಸರಿಯಿರಬಹುದು. ನಾಲ್ಕೂ ಕಡೆ ತೆರೆದ ಕಾಡಿನಲ್ಲಿ ಒಂದೊಂದನ್ನೇ ಹಿಡಿದು ವೈದ್ಯ ಮಾಡುವ ಖರ್ಚು ಯಾವ ಪುರಸಭೆಗೂ ಹೊರಲಾರದ ಹೊರೆ. ಇವರ ಬಗ್ಗೆ ನನಗೆ ಗೌರವ ಉಂಟು. ಆದರೆ ಕಾಡು ಸಾಯುವುದನ್ನು ನೋಡುತ್ತ ಜಿಂಕೆಗೆ ಮಾತ್ರ ಕರುಣೆ ತೋರುವುದು ಪೂರಾ ಕರುಣೆಯಲ್ಲ. ಕೆಲವನ್ನು ಕೊಲ್ಲಲೇಬೇಕು. ಅಲ್ಲಿಗೆ ಆ ಮಾತು ಬಿಡೋಣ.

ಕೊಲ್ಲುವವರು ಯಾರು? ಇಲ್ಲಿಂದ ಮುಂದೆ ನಮಗೆ ಸಂಬಂಧಪಟ್ಟ ವಿಷಯ.

ಕುಕ್ ಕೌಂಟಿ ತನ್ನ ಮೀಸಲು ಕಾಡಿನಲ್ಲಿ ಬೇಟೆಗೆ ಬಿಟ್ಟಿಲ್ಲ. 1980ರ ದಶಕದಿಂದ ಅದು ತಾನೇ ಜಿಂಕೆಯನ್ನು ಕಡಿಮೆ ಮಾಡಿಸುತ್ತ ಬಂದಿದೆ. ಗುರಿ ಹೊಡೆಯುವುದರಲ್ಲಿ ಪಳಗಿದವರು ಚಳಿಗಾಲದಲ್ಲಿ, ಜನ ಇಲ್ಲದ ಹೊತ್ತಿನಲ್ಲಿ, ಮೇವು ಹಾಕಿ ಕರೆದು ಬಂದೂಕದಿಂದ ಹೊಡೆಯುತ್ತಾರೆ. ಮಾಂಸ ಬಡವರಿಗೆ ಹಂಚುವ ಆಹಾರ ಭಂಡಾರಕ್ಕೆ ಹೋಗುತ್ತದೆ. ಆಚೆ, ರಾಜಧಾನಿ ವಾಷಿಂಗ್‌ಟನ್ನಿಗೆ ಅಂಟಿಕೊಂಡ ಫೇರ್‌ಫ್ಯಾಕ್ಸ್ ಕೌಂಟಿ ಬೇರೆ ದಾರಿ ಹಿಡಿಯಿತು. 2010ರ ಹೊತ್ತಿಗೆ ಅದು ತನ್ನ ಉದ್ಯಾನಗಳಿಗೆ ಬಿಲ್ಲುಗಾರರನ್ನೇ ಬಿಟ್ಟಿತು. ಗುರಿ ಪರೀಕ್ಷೆ ಪಾಸಾಗಬೇಕು, ಪೊಲೀಸು ವಿಚಾರಣೆ ಆಗಿರಬೇಕು, ಮರದ ಮೇಲೆ ಕಟ್ಟಿದ ಅಟ್ಟಣೆಯಿಂದಲೇ ಹೊಡೆಯಬೇಕು. ಕೂಲಿ ಇಲ್ಲ, ಹೊಡೆದ ಮಾಂಸ ಅವರದು. ಉದ್ಯಾನ ತೆರೆದೇ ಇರುತ್ತದೆ. ಕೆಳಗೆ ಜನ ಓಡಾಡುತ್ತಿರುತ್ತಾರೆ, ಮೇಲೆಲ್ಲೋ ಅಟ್ಟಣೆಯಲ್ಲಿ ಬಿಲ್ಲುಗಾರ.

ಇದನ್ನು ಮೊದಲು ಓದಿದಾಗ ನನ್ನ ರಕ್ತ ಕುದಿಯಿತು. ಮತ್ತೆ ದೊರೆಗಳ ಷಿಕಾರಿ ಬಂತಲ್ಲ ಎನ್ನಿಸಿತು. ಇಂಗ್ಲೆಂಡಿನಲ್ಲಿ ರಾಜನ ಜಿಂಕೆ ಕೊಂದವನ ಕೈಕಾಲು ಹೋಗುತ್ತಿದ್ದ ಕಾಲವಿತ್ತು. ಅದಕ್ಕೆ ತಡೆ ಹಾಕಲು 1217ರಲ್ಲಿ ಕಾಡಿನ ಸನ್ನದನ್ನೇ ಜನ ಬರೆಸಿಕೊಳ್ಳಬೇಕಾಯಿತು. ಐನೂರು ವರ್ಷ ಕಳೆದ ಮೇಲೂ, 1723ರಲ್ಲಿ, ಮುಖಕ್ಕೆ ಮಸಿ ಬಳಿದು ಆಯುಧ ಹಿಡಿದು ಜಿಂಕೆಯ ಕಾಡಿನಲ್ಲಿ ಸಿಕ್ಕಿದವನಿಗೆ ನೇಣು ಎಂದು ಪಾರ್ಲಿಮೆಂಟು ಕಾನೂನು ಮಾಡಿತು. ಆಗಿನ ಪಾರ್ಲಿಮೆಂಟು ಯಾರದೆಂದು ಬೇರೆ ಹೇಳಬೇಕಿಲ್ಲ. ನಮ್ಮ ಮೈಸೂರು ಸೀಮೆಯಲ್ಲೂ ಬಂಡೀಪುರದಂಥ ಕಾಡು ಅರಮನೆಯ ಬೇಟೆಗೆ ಮೀಸಲಾಗಿತ್ತು. ಈ ಚರಿತ್ರೆ ಗೊತ್ತಿದ್ದವನಿಗೆ ಬೇಟೆ ಎಂದರೆ ಸಿಟ್ಟು ಬರುವುದು ಸಹಜ.

ಆದರೆ ಸಿಟ್ಟು ಇಳಿದ ಮೇಲೆ ಓದಿ ನೋಡಿದರೆ ಅಮೇರಿಕದ ಕಥೆ ಹಾಗಿಲ್ಲ. ಅಲ್ಲಿ ಕಾಡುಪ್ರಾಣಿ ಜಮೀನುದಾರನದಲ್ಲ, ಜನರ ಪರವಾಗಿ ಸರ್ಕಾರ ಇಟ್ಟುಕೊಂಡ ಸ್ವತ್ತು ಎಂಬುದು ಅವರ ನ್ಯಾಯಾಲಯಗಳು ಬಹಳ ಹಿಂದಿನಿಂದ ಒಪ್ಪಿದ ಮಾತು. ಬೇಟೆಗೆ ಹೋಗುವವರಲ್ಲಿ ಕಾರ್ಖಾನೆ ಕೆಲಸಗಾರ, ಲಾರಿ ಡ್ರೈವರು, ಬಡಗಿ ಇವರೇ ಬಹಳ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆ ಶುರುವಾಗುವ ದಿನ ಅನೇಕ ಶಾಲೆಗಳಿಗೆ ರಜಾ ಕೊಡುವ ವಾಡಿಕೆಯೇ ಇತ್ತು. ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು ಎಂದು ಊರಿಗೆ ಊರೇ ಬೇಟೆಗೆ ಹೊರಡುತ್ತಿತ್ತಲ್ಲ, ಹಾಗೆ. ಒಂದು ಜಿಂಕೆ ಸಿಕ್ಕರೆ ಚಳಿಗಾಲದ ಮಾಂಸ ಮನೆಗೆ ಬಂತು. ಮೇಲಾಗಿ 1937ರ ಕಾನೂನಿನಂತೆ ಬೇಟೆಯ ಬಂದೂಕು, ತೋಟಾಗಳ ಮೇಲೆ ನೂರಕ್ಕೆ 11ರ ತೆರಿಗೆಯುಂಟು. ಬಿಲ್ಲು ಬಾಣಗಳೂ 1970ರ ದಶಕದಲ್ಲಿ ಅದಕ್ಕೆ ಸೇರಿದವು. ಆ ಹಣ ಕಾಡುಪ್ರಾಣಿ ರಕ್ಷಣೆಗೇ ಹೋಗುತ್ತದೆ. ಬಿಲ್ಲುಗಾರನ ವಾದದಲ್ಲಿ ಇನ್ನೂ ಒಂದು ಹುರುಳಿದೆ. ಗುಂಡಿನಲ್ಲಿ ಸೀಸವಿರುತ್ತದೆ. 2008ರಲ್ಲಿ ನಾರ್ತ್ ಡಕೋಟಾ ಸಂಸ್ಥಾನದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆ ಮಾಂಸದಲ್ಲಿ ಸೀಸದ ಚೂರು ಕಂಡು ಅದನ್ನೆಲ್ಲ ಎಸೆಯಬೇಕಾಯಿತು. ಬಾಣದಲ್ಲಿ ಆ ವಿಷವಿಲ್ಲ. ಬಾಣ ಇಪ್ಪತ್ತು ಮೂವತ್ತು ಗಜದೊಳಗಿನ ಮಾತು. ಗುಂಡಿನಂತೆ ತಪ್ಪಿ ಹೋಗಿ ದೂರದಲ್ಲಿ ನಡೆಯುವವನನ್ನು ಹೊಡೆಯುವ ಭಯ ಕಡಿಮೆ.

ಈ ಬಿಲ್ಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದು ಬೇಡರ ಕೈಯ ಬಿದಿರ ಬಿಲ್ಲಲ್ಲ. ಎರಡೂ ತುದಿಯಲ್ಲಿ ಸಣ್ಣ ರಾಟೆಗಳಿರುತ್ತವೆ. ನಮ್ಮ ಗಿರಣಿಯವರಿಗೆ ಪುಲ್ಲಿಯ ಗುಣ ಹೇಳಿಕೊಡಬೇಕಿಲ್ಲ. ಎಳೆಯುವಾಗ ಭಾರ, ಪೂರಾ ಎಳೆದ ಮೇಲೆ ಹಗುರ, ನಿಧಾನವಾಗಿ ಗುರಿ ಹಿಡಿಯಬಹುದು. ಮಿಸೌರಿಯ ಹಾಲಿಸ್ ಅಲೆನ್ ಎಂಬಾತ ಇದನ್ನು ಕಂಡುಹಿಡಿದು 1969ರಲ್ಲಿ ಹಕ್ಕುಪತ್ರ ಪಡೆದ. ಬಿಲ್ಲು ಬೇಟೆಗೆಂದೇ ಬೇರೆ ಋತು ಗೊತ್ತುಮಾಡಿದ್ದು ವಿಸ್ಕಾನ್ಸಿನ್ ಸಂಸ್ಥಾನ, 1934ರಲ್ಲಿ. ಆದರೆ ಆ ದೇಶದ ಬಿಳಿಯರಲ್ಲಿ ಈ ಹವ್ಯಾಸ ಹಬ್ಬಿದ ಬಗೆಯಲ್ಲಿ ಬೇರೊಬ್ಬ ಮನುಷ್ಯನ ಪಾಲಿದೆ.

1911ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರ ಕಸಾಯಿಖಾನೆಯ ದೊಡ್ಡಿಯಲ್ಲಿ ಒಬ್ಬ ಮನುಷ್ಯ ಸಿಕ್ಕಿದ. ಹಸಿದು ಬಳಲಿದ್ದ. ಆತ ಯಾಹಿ ಎಂಬ ಕಾಡು ಬುಡಕಟ್ಟಿನವನು, ಆ ಬುಡಕಟ್ಟಿನ ಕೊನೆಯವನು. ಉಳಿದವರನ್ನು ಚಿನ್ನಕ್ಕೂ ಭೂಮಿಗೂ ಬಂದ ವಲಸೆಗಾರರು ಬೇಟೆಯಾಡಿ ಮುಗಿಸಿದ್ದರು. ಈ ಮಾತಿಗೆ ನಾನು ಬಣ್ಣ ಹಚ್ಚುತ್ತಿಲ್ಲ, ಅದು ಬೇಟೆಯೇ. ಆತ ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ; ಅವರ ಭಾಷೆಯಲ್ಲಿ ಮನುಷ್ಯ ಎಂಬ ಅರ್ಥದ 'ಇಶಿ' ಎಂಬ ಹೆಸರನ್ನು ಪಂಡಿತರೇ ಇಟ್ಟರು. ಸಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಇರಿಸಿಕೊಂಡರು. ಅಲ್ಲಿ ಕಸ ಗುಡಿಸುವ ಕೆಲಸವನ್ನೂ ಕೊಟ್ಟರು. ಅವನಿಗೆ ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಕೆತ್ತುವುದು, ಬಾಣ ಹೂಡುವುದು, ಜಿಂಕೆಯ ಹತ್ತಿರ ಸರಿಯುವುದು ಎಲ್ಲ ಕಲಿತರು. 1916ರಲ್ಲಿ ಇಶಿ ಕ್ಷಯದಿಂದ ಸತ್ತ. ಪೋಪ್ 1923ರಲ್ಲಿ ಬಿಲ್ಲು ಬೇಟೆಯ ಮೇಲೆ ಬರೆದ ಪುಸ್ತಕ ದೇಶದ ಹವ್ಯಾಸಿಗಳಿಗೆಲ್ಲ ಕೈಪಿಡಿಯಾಯಿತು. 1961ರಲ್ಲಿ ಬಿಲ್ಲುಗಾರರ ದೊಡ್ಡ ಸಂಘ ಹುಟ್ಟಿದಾಗ ಅದಕ್ಕೆ ಪೋಪರ ಹೆಸರನ್ನೂ ಅವರ ಗೆಳೆಯ ಯಂಗ್ ಅವರ ಹೆಸರನ್ನೂ ಇಟ್ಟರು.

ಏಕಲವ್ಯನ ಕಥೆಯಲ್ಲಿ ಗುರು ಬೆರಳು ಕೇಳಿದ. ಇಲ್ಲಿ ಕಾಡಿನವನೇ ಗುರು. ಶಿಷ್ಯರು ವಿದ್ಯೆ ತೆಗೆದುಕೊಂಡರು, ಹೆಸರನ್ನು ಮರೆತರು. ಇಶಿ ಸತ್ತ ಮೇಲೆ ಅವನ ಮಿದುಳನ್ನೇ ತೆಗೆದು ವಾಷಿಂಗ್‌ಟನ್ನಿನ ಸಂಗ್ರಹಾಲಯಕ್ಕೆ ಕಳಿಸಿದ್ದರು. ಅದು ಅವನ ನೆಂಟಕುಲದವರ ಕೈಗೆ ಮರಳಿದ್ದು 2000ನೇ ಇಸವಿಯಲ್ಲಿ. ಬಿಲ್ಲು ಹಿಡಿಯುವುದು ನಮ್ಮ ಪೂರ್ವಿಕರ ಹಕ್ಕು ಎಂದು ಇಂದು ಸಭೆಯಲ್ಲಿ ಯಾರಾದರೂ ಎದೆ ತಟ್ಟಿ ಹೇಳಿದರೆ, ಯಾರ ಪೂರ್ವಿಕರು ಸ್ವಾಮಿ ಎಂದು ಕೇಳಬೇಕೆನ್ನಿಸುತ್ತದೆ.

ಈಗ ನನ್ನ ತಕರಾರುಗಳಿಗೆ ಬರುತ್ತೇನೆ. ಬಾಣದಿಂದ ಪ್ರಾಣಿ ಸಾಯುವುದು ರಕ್ತ ಸುರಿದು. ಗುರಿ ಸರಿಯಾಗಿ ಬಿದ್ದರೆ ನೂರು ಗಜ ಓಡಿ ಬೀಳುತ್ತದೆ. ಬೀಳದಿದ್ದರೆ ಗಾಯ ಹೊತ್ತು ಕಾಡು ಸೇರುತ್ತದೆ. ಮೇರಿಲ್ಯಾಂಡಿನ ಒಂದು ನೌಕಾಪಡೆಯ ನೆಲದಲ್ಲಿ ಲೆಕ್ಕವಿಟ್ಟು 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಾಣ ತಾಗಿದ ಜಿಂಕೆಗಳಲ್ಲಿ ನೂರಕ್ಕೆ 18 ಕೈಗೆ ಸಿಗಲಿಲ್ಲ. ಅರ್ಧಕ್ಕರ್ಧ ಸಿಗುವುದಿಲ್ಲ ಎಂದು ಕೂಗುವವರ ಮಾತು ಹಾಗಾದರೆ ಉತ್ಪ್ರೇಕ್ಷೆ. ಆದರೂ ಐದರಲ್ಲಿ ಹತ್ತಿರ ಹತ್ತಿರ ಒಂದು ಎಂದಾಯಿತು. ದೂರದ ಬೆಟ್ಟದಲ್ಲಿ ಅದು ಯಾರ ಕಣ್ಣಿಗೂ ಬೀಳದು. ಊರಂಚಿನ ಕಾಡಿನಲ್ಲಿ ಬಾಣ ನೆಟ್ಟ ಜಿಂಕೆ ಮಕ್ಕಳಾಡುವ ಹುಲ್ಲಿನ ಮೇಲೆ ಬಂದು ಬೀಳುತ್ತದೆ.

ಹವ್ಯಾಸದ ಗುರಿ ಬೇರೆ, ಸಾರ್ವಜನಿಕ ಕೆಲಸದ ಗುರಿ ಬೇರೆ ಎಂಬುದು ಇದಕ್ಕಿಂತ ದೊಡ್ಡ ತಕರಾರು. ಜಿಂಕೆ ಕಡಿಮೆಯಾಗಬೇಕಾದರೆ ಹೆಣ್ಣು ಜಿಂಕೆ ಕಡಿಮೆಯಾಗಬೇಕು. ಹವ್ಯಾಸಿಗೆ ಬೇಕಾದದ್ದು ಕೊಂಬು. ಆ ದೊಡ್ಡ ಸಂಘ ದಾಖಲೆ ಬರೆದಿಡುವುದೂ ಕೊಂಬಿನ ಅಳತೆಯನ್ನೇ. ವಿಸ್ಕಾನ್ಸಿನ್ನಿನಲ್ಲಿ, ಮೊದಲು ಒಂದು ಕೊಂಬಿಲ್ಲದ ಜಿಂಕೆ ಹೊಡೆ, ಆಮೇಲೆ ಕೊಂಬಿನದನ್ನು ಹೊಡೆ ಎಂದು ಕೆಲವು ಪ್ರದೇಶಗಳಲ್ಲಿ ನಿಯಮ ಮಾಡಿದ್ದರು. ಕೆಲಸಕ್ಕೆ ಬಂದ ನಿಯಮ ಅದು. ಬೇಟೆಗಾರರು ಗೊಣಗಿದರು, 2011ರಲ್ಲಿ ಶಾಸನಸಭೆ ಅದನ್ನು ತೆಗೆದುಹಾಕಿತು. ಜಿಂಕೆ ತೀರಾ ಕಡಿಮೆಯಾದರೆ ಹವ್ಯಾಸಿಗೆ ನಷ್ಟ. ಅವನಿಗೆ ಬೇಕಾದದ್ದು ಬರುವ ವರ್ಷಕ್ಕೂ ಸಾಕಷ್ಟು ಜಿಂಕೆ. ಸೊಳ್ಳೆ ನಾಶದ ಗುತ್ತಿಗೆಯನ್ನು ಸೊಳ್ಳೆಬತ್ತಿ ಮಾರುವವನಿಗೆ ಕೊಟ್ಟಂತೆ ಎಂದರೆ ಸ್ವಲ್ಪ ಖಾರವಾದೀತು, ಆದರೆ ಸುಳ್ಳಾಗಲಾರದು.

ಇನ್ನು ಕೂಲಿಯ ಮಾತು. ಬಿಲ್ಲುಗಾರರನ್ನು ಬಿಟ್ಟರೆ ಕೌಂಟಿಗೆ ಖರ್ಚಿಲ್ಲ ಎನ್ನುತ್ತಾರೆ. ಖರ್ಚಿಲ್ಲದ ಸಾರ್ವಜನಿಕ ಕೆಲಸ ಎಂದ ಕೂಡಲೇ ನನ್ನ ಕಿವಿ ನಿಮಿರುತ್ತದೆ. ಕಾಡು ನೋಡಿಕೊಳ್ಳುವುದು ಪುರಸಭೆಯ ನಲ್ಲಿ, ದೀಪ, ಚರಂಡಿಗಳಂತೆ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ. ಸಂಬಳದ ನೌಕರನನ್ನು ಕೇಳಬಹುದು, ಎಷ್ಟು ಹೊಡೆದೆ, ಎಷ್ಟು ಗಾಯವಾಗಿ ಹೋಯಿತು, ಮಾಂಸ ಎಲ್ಲಿ ಎಂದು. ಮೋಜಿಗೆ ಬಂದವನನ್ನು ಹಾಗೆ ಕೇಳುವುದು ಕಷ್ಟ. ಈ ಸಲ ಬರಲಿಲ್ಲ, ಮೈ ಸರಿಯಿರಲಿಲ್ಲ ಎಂದರೆ ಏನು ಮಾಡುವಿರಿ? ಒಂದು ಸಲ ಬಿಟ್ಟಿ ಕೈ ಸಿಕ್ಕಿತೆಂದರೆ ಬಜೆಟ್ಟಿನಲ್ಲಿ ಕಾಡುಗಾವಲುಗಾರನ ಹುದ್ದೆ ಮೊದಲು ಖಾಲಿಯಾಗುತ್ತದೆ, ಆಮೇಲೆ ರದ್ದಾಗುತ್ತದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಶಾಲೆಯ ಜವಾನನ ಹುದ್ದೆ ಹೋದದ್ದು ಹೀಗೆಯೇ. ಮಕ್ಕಳು ಸೇವೆ ಮಾಡಲಿ ಎಂದು ಶುರುವಾಯಿತು, ಕೊನೆಗೆ ಕಸಬರಿಕೆ ಮಕ್ಕಳ ಕೈಯಲ್ಲೇ ಉಳಿಯಿತು.

ಜಾಗದ ಪ್ರಶ್ನೆಯನ್ನೂ ಮರೆಯಬಾರದು. ಬಿಲ್ಲಿನ ಋತು ಸೆಪ್ಟೆಂಬರ್ ಅಕ್ಟೋಬರಿನಲ್ಲಿ ತೊಡಗಿ ಚಳಿಗಾಲದವರೆಗೆ. ಎಲೆ ಬಣ್ಣ ತಿರುಗುವ ಆ ತಿಂಗಳಲ್ಲೇ ಊರಿನ ಜನ ಬುತ್ತಿ ಕಟ್ಟಿಕೊಂಡು ಕಾಡಿಗೆ ಬರುವುದು. ವಾರಕ್ಕೊಂದು ರಜಾ ಸಿಗುವವನಿಗೆ ಭಾನುವಾರ ಬೆಳಿಗ್ಗೆ ಬಿಟ್ಟರೆ ಬೇರೆ ಹೊತ್ತಿಲ್ಲ. ಅಟ್ಟಣೆಯಲ್ಲಿ ಬಿಲ್ಲುಗಾರನಿದ್ದಾನೆ ಎಂಬ ಫಲಕ ಕಂಡ ತಾಯಿ ಮಕ್ಕಳನ್ನು ಒಳಗೆ ಬಿಡುವಳೇ? ಅಪಘಾತ ಆಗುವುದು ಅಪರೂಪವೇ ಇರಬಹುದು, ಭಯ ಅಪರೂಪವಲ್ಲ. ಐವತ್ತು ಲಕ್ಷ ಜನರ ಭೂಮಿ ಕೆಲವು ನೂರು ಜನರದಾಗುವುದು ಹೀಗೆ, ಒಂದು ಬೇಲಿಯೂ ಹಾಕದೆ.

ಹಾಗೆಂದು ಕುಕ್ ಕೌಂಟಿಯ ದಾರಿಗೆ ಪೂರ್ಣಾಂಕ ಕೊಡಲಾರೆ. ರಾತ್ರಿ ಬಾಗಿಲು ಹಾಕಿ ನಡೆಯುವ ಕೆಲಸವನ್ನು ಜನ ಅನುಮಾನದಿಂದ ನೋಡುತ್ತಾರೆ. ಲೆಕ್ಕ ಪ್ರತಿ ವರ್ಷ ಹೊರಗೆ ಬರಬೇಕು. ಗುಂಡು ಸೀಸದ್ದಿರಬಾರದು. ಜಿಂಕೆಗೆ ಬರುವ ಮಿದುಳು ಸವೆಯುವ ರೋಗ ಇಲಿನಾಯ್‌ನಲ್ಲಿ 2002ರಲ್ಲಿ ಕಂಡುಬಂದಿದೆ. ಪರೀಕ್ಷೆಯಾಗದ ಮಾಂಸ ಬಡವರ ತಟ್ಟೆಗೆ ಹೋಗಕೂಡದು. ಈ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುವ ಚಾಳಿ ಆ ದೇಶದಲ್ಲಿ ಬಹಳ. ತಲೆಗಿಷ್ಟು ಎಂದು ದರ ಕಟ್ಟುವ ಗುತ್ತಿಗೆದಾರನಿಗಿಂತ ಬಿಲ್ಲುಗಾರನೇ ಮೇಲು ಎಂದು ಯಾರಾದರೂ ಹೇಳಿದರೆ ನಾನು ವಾದ ಮಾಡುವುದಿಲ್ಲ.

ನಮ್ಮ ಕಡೆ ಬಿಲ್ಲು ಬೇಟೆಯ ಮಾತೇ ಇಲ್ಲ. 1972ರ ಕಾನೂನು ಬೇಟೆಗೆ ಬೀಗ ಹಾಕಿದೆ. ಬಿಳಿಗಿರಿರಂಗನ ಬೆಟ್ಟವನ್ನು 1974ರಲ್ಲಿ ವನ್ಯಧಾಮ ಮಾಡಿದಾಗ ಸೋಲಿಗರು ಬೇಟೆಯನ್ನಷ್ಟೇ ಅಲ್ಲ, ತಮ್ಮ ಹಾಡಿಗಳನ್ನೂ ಬಿಡಬೇಕಾಯಿತು. 2011ರಲ್ಲಿ ಅವರ ಅರಣ್ಯ ಹಕ್ಕು ಒಪ್ಪಿದರೂ ಬೇಟೆ ಅದರಲ್ಲಿ ಸೇರಿಲ್ಲ. ಕೇರಳದಲ್ಲಿ 2022ರಲ್ಲಿ ಬೆಳೆ ತಿನ್ನುವ ಕಾಡುಹಂದಿ ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟರು. ಹಂದಿಯ ಪ್ರಶ್ನೆ ನಮ್ಮ ಜಿಲ್ಲೆಗೂ ಬಂದೇ ಬರುತ್ತದೆ; ಆಗ ಬೇರೆ ಬರೆಯುತ್ತೇನೆ.

ಷಿಕಾಗೋದವರು ನನ್ನನ್ನು ಕೇಳುವುದಿಲ್ಲ. ಕೇಳಿದರೆ ಹೇಳುವುದಿಷ್ಟು: ಜನ ತುಂಬುವ ಊರಂಚಿನ ಕಾಡಿಗೆ ಸಂಬಳದ ನೌಕರರೇ ಇರಲಿ. ಜನ ಹೋಗದ ದೂರದ ತುಂಡುಗಳಿದ್ದರೆ ಅಲ್ಲಿ ಚೀಟಿ ಎತ್ತಿ ಬಿಲ್ಲುಗಾರರನ್ನು ಬಿಡಲಿ, ವಾರದ ದಿನಗಳಲ್ಲಿ, ಹೆಣ್ಣು ಜಿಂಕೆಗೆ ಮಾತ್ರ, ಜೊತೆಗೆ ಒಬ್ಬ ಗಾವಲುಗಾರನಿದ್ದು ಗಾಯವಾಗಿ ಓಡಿದ್ದನ್ನೂ ಪುಸ್ತಕದಲ್ಲಿ ಬರೆಯುವಂತೆ.

ಬರೆದದ್ದನ್ನು ನೂಲುವ ಖಾತೆಯ ಮಿತ್ರರಿಗೆ ನಿನ್ನೆ ಓದಿ ಹೇಳಿದೆ. ನಗಲಿಲ್ಲ. ಟೀ ಲೋಟ ಕೆಳಗಿಟ್ಟು, "ಆ ಪುಸ್ತಕ ನೋಡೋಕೆ ಎಲ್ಲಾರ್ಗೂ ಕೊಡ್ತಾರೇನ್ರೀ ಮೇಷ್ಟ್ರೇ?" ಎಂದು ಕೇಳಿದರು.